ಕಂಪ್ಯೂಟರ್ ವಿಜ್ಞಾನದ ಪಿಎಚ್‌.ಡಿ.: ನೋಂದಣಿಯಿಂದ ಮೌಖಿಕ ಪರೀಕ್ಷೆಯವರೆಗೆ ಮಹಾಪ್ರಬಂಧವನ್ನು ಯೋಜಿಸುವ ಬಗೆ

ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್‌.ಡಿ.ಗೆ ಸೇರುವವರಲ್ಲಿ ಹೆಚ್ಚಿನವರು ಪ್ರೋಗ್ರಾಂ ಬರೆಯುವುದರಲ್ಲಿ ಪಳಗಿದವರು. ಹಾಗಾಗಿ ಸೇರಿದ ತಿಂಗಳಿನಲ್ಲೇ ಕೀಲಿಮಣೆಯ ಮುಂದೆ ಕುಳಿತು ಏನಾದರೊಂದು ಮಾದರಿಯನ್ನು ಓಡಿಸತೊಡಗುತ್ತಾರೆ. ಕೆಲಸ ಸಾಗುತ್ತಿದೆ ಎಂಬ ಸಮಾಧಾನ ಸಿಗುತ್ತದೆ, ಆದರೆ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇವೆ ಎಂಬುದು ಎರಡನೆಯ ವರ್ಷ ಮುಗಿದರೂ ತಿಳಿಯಾಗಿರುವುದಿಲ್ಲ. ನಾನು ಹತ್ತಿರದಿಂದ ಕಂಡ ಸಂಶೋಧನಾರ್ಥಿಗಳಲ್ಲಿ ತಡವಾದವರೆಲ್ಲ ಬಹುಮಟ್ಟಿಗೆ ಪ್ರಶ್ನೆಯನ್ನು ಕಿರಿದುಗೊಳಿಸುವ ಕೆಲಸವನ್ನು ಮುಂದೂಡಿಯೇ ತಡವಾದವರು. ಈ ಲೇಖನದಲ್ಲಿ ಹಂತಗಳನ್ನು ಕ್ರಮವಾಗಿ ವಿವರಿಸುತ್ತೇನೆ. ಆದರೆ ಉಳಿದೆಲ್ಲ ಹಂತಗಳೂ ಆ ಒಂದು ಕೆಲಸದ ಮೇಲೆಯೇ ನಿಂತಿವೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯ ಪ್ರಕಾರ ಪಿಎಚ್‌.ಡಿ.ಗೆ ಕೋರ್ಸ್‌ವರ್ಕ್ (ಆರಂಭದ ಪಾಠಪತ್ರಿಕೆಗಳು) ಸೇರಿ ಕನಿಷ್ಠ ಮೂರು ವರ್ಷ ಬೇಕು. ಪ್ರವೇಶದ ದಿನದಿಂದ ಗರಿಷ್ಠ ಆರು ವರ್ಷಗಳ ಅವಕಾಶವಿದೆ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯವಿರುವವರಿಗೆ ಅದರ ಮೇಲೂ ಎರಡು ವರ್ಷಗಳ ವಿನಾಯಿತಿ ಇದೆ, ಒಟ್ಟು ಅವಧಿ ಹತ್ತು ವರ್ಷ ಮೀರುವಂತಿಲ್ಲ. ಹೆರಿಗೆ ಮತ್ತು ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆ ಪಡೆಯಲು ಮಹಿಳೆಯರಿಗೆ ಅವಕಾಶವಿದೆ. ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮಗಳು ಕೆಲವು ಕಡೆ ಇದಕ್ಕಿಂತ ಬಿಗಿಯಾಗಿರಬಹುದಾದ್ದರಿಂದ ಆ ಪುಸ್ತಿಕೆಯ ಪ್ರತಿಯೊಂದನ್ನು ಮುದ್ರಿಸಿಕೊಂಡು ಮೇಜಿನ ಮೇಲೆಯೇ ಇಟ್ಟುಕೊಳ್ಳಿ.

ನಿಯಮದ ಗಡುವಿಗಿಂತ ಹಣದ ಗಡುವು ಬೇಗ ಬರುತ್ತದೆ. ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್, 2023ರ ಜನವರಿಯಿಂದ ತಿಂಗಳಿಗೆ ₹37,000. ಎರಡು ವರ್ಷಗಳ ನಂತರ ಹಿರಿಯ ಫೆಲೋಶಿಪ್ ಆಗಿ ₹42,000. ಒಟ್ಟು ಅವಧಿ ಐದು ವರ್ಷ. ಹಾಗಾದರೆ ಕೊನೆಯ ತಿಂಗಳು 60ನೆಯದು ಎಂದಿಟ್ಟುಕೊಂಡು ಹಿಂದಕ್ಕೆ ಎಣಿಸೋಣ. ಸಲ್ಲಿಸಿದ ಮೇಲೆ ಮೌಲ್ಯಮಾಪನ ಮುಗಿಸಲು ಯುಜಿಸಿ ನಿಯಮ ಆರು ತಿಂಗಳು ಕೊಡುತ್ತದೆ, ಆದ್ದರಿಂದ ಸಲ್ಲಿಕೆ 54ನೆಯ ತಿಂಗಳಲ್ಲಿ ಆಗಬೇಕು. ಅಧ್ಯಾಯಗಳನ್ನು ಹೊಂದಿಸಿ, ಮಾರ್ಗದರ್ಶಕರಿಂದ ತಿದ್ದಿಸಿಕೊಂಡು, ಸಲ್ಲಿಕೆಪೂರ್ವ ಮಂಡನೆ ಮುಗಿಸಲು ಆರು ತಿಂಗಳು ಬೇಕು. ಅಂದರೆ 48ನೆಯ ತಿಂಗಳ ನಂತರ ಹೊಸ ಪ್ರಯೋಗ ಆರಂಭಿಸಕೂಡದು. ಮೂರು ಪ್ರಯೋಗಾಧ್ಯಾಯಗಳಿಗೆ ತಲಾ ಹತ್ತು ತಿಂಗಳು ಹಿಡಿದರೂ ಪ್ರಶ್ನೆ 18ನೆಯ ತಿಂಗಳೊಳಗೆ ಗಟ್ಟಿಯಾಗಿರಬೇಕು. ಈ ಲೆಕ್ಕವನ್ನು ಮೊದಲ ವಾರದಲ್ಲೇ ಕಾಗದದ ಮೇಲೆ ಬರೆದವರಿಗೆ, ಮೊದಲ ವರ್ಷದಲ್ಲಿ ಬೇಕಾದಷ್ಟು ಸಮಯವಿದೆ ಎಂಬ ಭ್ರಮೆ ಉಳಿಯುವುದಿಲ್ಲ.

ಉದ್ಯೋಗದಲ್ಲಿದ್ದುಕೊಂಡು ಅರೆಕಾಲಿಕವಾಗಿ ಸಂಶೋಧನೆ ಮಾಡುವ ಕಾಲೇಜು ಅಧ್ಯಾಪಕರು ನಮ್ಮಲ್ಲಿ ಬಹಳ ಮಂದಿ. ಅವರು ಈ ಲೆಕ್ಕವನ್ನು ತಿಂಗಳುಗಳಲ್ಲಿ ಮಾಡುವ ಬದಲು ವಾರಕ್ಕೆ ನಿಜವಾಗಿ ಸಿಗುವ ಗಂಟೆಗಳಲ್ಲಿ ಮಾಡಬೇಕು. ಪರೀಕ್ಷೆ, ಮೌಲ್ಯಮಾಪನ ಮತ್ತು ಮಾನ್ಯತಾ ತಂಡದ ಭೇಟಿಯ ತಿಂಗಳುಗಳಿಗೆ ಸೊನ್ನೆ ಎಂದೇ ಬರೆದುಕೊಳ್ಳಿ.

ಕೋರ್ಸ್‌ವರ್ಕ್

ಇದಕ್ಕೆ ಕನಿಷ್ಠ 12 ಕ್ರೆಡಿಟ್, ಕನಿಷ್ಠ ಶೇ 55 ಅಂಕ ಬೇಕು. ಸಂಶೋಧನಾ ವಿಧಾನ ಮತ್ತು ಪ್ರಕಟಣಾ ನೈತಿಕತೆಯ ಪತ್ರಿಕೆಗಳು ಹೇಗೂ ಇರುತ್ತವೆ. ಆಯ್ಕೆಯ ಪತ್ರಿಕೆಯೊಂದಿದ್ದರೆ ಸಂಖ್ಯಾಶಾಸ್ತ್ರವನ್ನು ತೆಗೆದುಕೊಳ್ಳಿ. ಮೂರನೆಯ ವರ್ಷದಲ್ಲಿ ಎರಡು ಫಲಿತಾಂಶಗಳ ನಡುವಿನ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ವಿಮರ್ಶಕರು ಕೇಳಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಓದು ಮತ್ತು ಒಂದು ಮರುಪ್ರಯೋಗ

ಕಂಪ್ಯೂಟರ್ ವಿಜ್ಞಾನದ ಓದನ್ನು ಉಚಿತವಾಗಿಯೇ ಬಹುದೂರ ಕೊಂಡೊಯ್ಯಬಹುದು. ಜರ್ಮನಿಯ ಟ್ರಿಯರ್‌ನಲ್ಲಿ 1993ರಲ್ಲಿ ಆರಂಭವಾದ ಡಿಬಿಎಲ್‌ಪಿ ಸೂಚಿಯಲ್ಲಿ ಒಬ್ಬ ಸಂಶೋಧಕರ ಎಲ್ಲ ಪ್ರಬಂಧಗಳನ್ನೂ ವರ್ಷವಾರು ನೋಡಬಹುದು. ಆರ್ಕೈವ್ ಭಂಡಾರದಲ್ಲಿ ಪ್ರಕಟಣಪೂರ್ವ ಪ್ರತಿಗಳು ಸಿಗುತ್ತವೆ. ಭಾಷಾ ಸಂಸ್ಕರಣೆಯವರಿಗೆ ಎಸಿಎಲ್ ಆಂಥಾಲಜಿ ಎಂಬ ಪ್ರಬಂಧ ಸಂಗ್ರಹ ಪೂರ್ಣವಾಗಿ ತೆರೆದಿದೆ. ಸರ್ಕಾರಿ ಸಂಸ್ಥೆಗಳಲ್ಲಿರುವವರಿಗೆ 2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯ ಮೂಲಕ ಅನೇಕ ನಿಯತಕಾಲಿಕೆಗಳೂ ದೊರೆಯುತ್ತಿವೆ.

ಪ್ರತಿ ಪ್ರಬಂಧವನ್ನು ಓದಿದ ಮೇಲೆ ನಾಲ್ಕೇ ಸಾಲು ಬರೆಯಿರಿ: ಅವರು ಕೇಳಿದ ಪ್ರಶ್ನೆ ಯಾವುದು, ಯಾವ ದತ್ತಾಂಶದ ಮೇಲೆ ಅಳೆದರು, ಯಾವ ಹಳೆಯ ವಿಧಾನದೊಂದಿಗೆ ಹೋಲಿಸಿದರು, ಯಾವುದನ್ನು ಅಳೆಯದೆ ಬಿಟ್ಟರು. ನಾಲ್ಕನೆಯ ಸಾಲು ಬರೆಯುವುದೇ ಕಷ್ಟ. ನಿಮ್ಮ ಮಹಾಪ್ರಬಂಧಕ್ಕೆ ಜಾಗ ಸಿಗುವುದೂ ಅಲ್ಲಿಯೇ. ಒಂದು ವಿಚಾರವನ್ನು ಅದರ ಮೂಲದವರೆಗೆ ಹಿಂಬಾಲಿಸುವುದನ್ನೂ ರೂಢಿಸಿಕೊಳ್ಳಿ. ಪದಗಳನ್ನು ತುಣುಕುಗಳಾಗಿ ಒಡೆಯಲು ಇಂದು ಭಾಷಾ ಮಾದರಿಗಳಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಬೈಟ್ ಪೇರ್ ಎನ್‌ಕೋಡಿಂಗ್ ಮೂಲತಃ ದತ್ತಾಂಶವನ್ನು ಕುಗ್ಗಿಸುವುದಕ್ಕಾಗಿ 1994ರಲ್ಲಿ ಫಿಲಿಪ್ ಗೇಜ್ ಪ್ರಕಟಿಸಿದ ತಂತ್ರ. ಅದು ಯಂತ್ರಾನುವಾದಕ್ಕೆ ಬಂದದ್ದು ಎರಡು ದಶಕಗಳ ನಂತರ. ಕುಗ್ಗಿಸಲು ಹುಟ್ಟಿದ ತಂತ್ರಕ್ಕೆ ಭಾಷೆಯ ವ್ಯಾಕರಣದ ಗಡಿಗಳು ಏಕೆ ಕಾಣಬೇಕು ಎಂಬ ಪ್ರಶ್ನೆ ಆ ಇತಿಹಾಸ ಗೊತ್ತಿದ್ದವರಿಗೆ ತಾನಾಗಿ ಹೊಳೆಯುತ್ತದೆ.

ಹನ್ನೆರಡನೆಯ ತಿಂಗಳೊಳಗೆ ನಿಮ್ಮ ಕ್ಷೇತ್ರದ ಒಂದು ಮುಖ್ಯ ಪ್ರಬಂಧದ ಫಲಿತಾಂಶವನ್ನು ನಿಮ್ಮ ಯಂತ್ರದಲ್ಲಿ ಮರಳಿ ಪಡೆಯಲು ಯತ್ನಿಸಿ. ಬಂದರೆ ಮುಂದಿನ ಹೋಲಿಕೆಗೆ ಬೇಕಾದ ಬೇಸ್‌ಲೈನ್ ಸಿಕ್ಕಿತು. ಬಾರದಿದ್ದರೆ, ಏಕೆ ಬರಲಿಲ್ಲ ಎಂಬುದನ್ನು ಹುಡುಕುವಷ್ಟರಲ್ಲಿ ಆ ವಿಷಯದ ಒಳಹೊರಗೆಲ್ಲ ಪರಿಚಯವಾಗಿರುತ್ತದೆ.

ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸುವುದು

‘ಕನ್ನಡಕ್ಕಾಗಿ ಆಳ ಕಲಿಕೆಯ ವಿಧಾನಗಳು’ ಎಂಬುದು ಶೀರ್ಷಿಕೆಯಾಗಬಹುದು, ಪ್ರಶ್ನೆಯಾಗಲಾರದು. ಅದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಸಾಧ್ಯವಿಲ್ಲ, ಮುಗಿಯಿತು ಎಂದು ಹೇಳುವ ಗಳಿಗೆಯೂ ಬರುವುದಿಲ್ಲ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

‘ಮನೆಯಲ್ಲಿದ್ದವರಿಗೂ’ ಎಂಬ ಒಂದು ಪದವನ್ನು ತೆಗೆದುಕೊಳ್ಳಿ. ಓದುವ ನಮಗೆ ಇದರಲ್ಲಿ ಎಂಟು ಅಕ್ಷರಗಳಿವೆ. ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತಪಟ್ಟಿಯಲ್ಲಿ, ಇದು 16 ಸಂಕೇತಗಳು. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8 ಎಂಬ ಶೇಖರಣಾ ಕ್ರಮದಲ್ಲಿ ಮೂರು ಬೈಟ್ ಬೇಕಾದ್ದರಿಂದ ಒಟ್ಟು 48 ಬೈಟ್‌ಗಳು. ವ್ಯಾಕರಣದ ಕಣ್ಣಿಗೆ ಇದು ಮನೆ, ಅಲ್ಲಿ, ಇದ್ದ, ಅವರಿಗೆ, ಊ ಎಂಬ ತುಣುಕುಗಳ ಕೂಡಿಕೆ. ‘ಮನೆಯಲ್ಲಿ’ ಮತ್ತು ‘ಇದ್ದ’ ಸೇರುವಲ್ಲಿ ಒಂದು ಇಕಾರ ಲೋಪವಾಗಿರುವುದರಿಂದ ಎರಡು ತುಣುಕುಗಳ ಗಡಿ ‘ಲ್ಲಿ’ ಎಂಬ ಒಂದೇ ಅಕ್ಷರದೊಳಗೆ ಹುದುಗಿದೆ. ಎಣಿಕೆಯನ್ನಷ್ಟೇ ನೋಡಿ ಪದವನ್ನು ಒಡೆಯುವ ತಂತ್ರಾಂಶಕ್ಕೆ ಆ ಗಡಿ ಕಾಣುವ ಖಾತರಿಯಿಲ್ಲ. ಇಷ್ಟನ್ನು ಗಮನಿಸಿದ ಸಂಶೋಧನಾರ್ಥಿ ತನ್ನ ಪ್ರಶ್ನೆಯನ್ನು ಹೀಗೆ ಬರೆಯಬಹುದು: ಕನ್ನಡದ ಪದಗಳನ್ನು ಪ್ರತ್ಯಯ ಮತ್ತು ಸಂಧಿಯ ಗಡಿಗಳಲ್ಲಿ ಮೊದಲೇ ಬಿಡಿಸಿಕೊಟ್ಟರೆ, ಅಷ್ಟೇ ಪ್ರಮಾಣದ ಪಠ್ಯದಿಂದ ಕಲಿತ ಅನುವಾದ ಮಾದರಿಯ ಗುಣಮಟ್ಟ ಹೆಚ್ಚುತ್ತದೆಯೇ?

ಈ ವಾಕ್ಯದಲ್ಲಿ ಏನನ್ನು ಬದಲಾಯಿಸುತ್ತೇವೆ, ಏನನ್ನು ಸ್ಥಿರವಾಗಿಡುತ್ತೇವೆ, ಏನನ್ನು ಅಳೆಯುತ್ತೇವೆ ಎಂಬ ಮೂರೂ ಇವೆ. ಉತ್ತರ ‘ಇಲ್ಲ’ ಎಂದು ಬಂದರೂ ಅದು ಬರೆಯಲು ಯೋಗ್ಯವಾದ ಉತ್ತರ, ಮತ್ತು ಪ್ರಶ್ನೆ ಗಟ್ಟಿಯಾಗಿದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಗುರುತು ಗೊತ್ತಿಲ್ಲ. ಮೂರು ಅಧ್ಯಾಯಗಳೂ ಇದರಿಂದಲೇ ಹೊರಡುತ್ತವೆ: ಬಿಡಿಸುವ ಸಾಧನವನ್ನು ಕಟ್ಟುವುದು, ಅದನ್ನು ಅನುವಾದದಲ್ಲಿ ಪರೀಕ್ಷಿಸುವುದು, ತುಳು ಅಥವಾ ತೆಲುಗಿನಂತಹ ಇನ್ನೊಂದು ದ್ರಾವಿಡ ಭಾಷೆಗೆ ಅದು ಒಗ್ಗುತ್ತದೆಯೇ ಎಂದು ನೋಡುವುದು. ಮೂರನೆಯದು ಕೈಕೊಟ್ಟರೂ ಮೊದಲ ಎರಡು ಉಳಿಯುವಂತೆ ಜೋಡಿಸಿರುವುದನ್ನು ಗಮನಿಸಿ. ಅಧ್ಯಾಯಗಳನ್ನು ಸರಪಳಿಯಂತೆ ಕಟ್ಟಿದರೆ ಒಂದು ಕೊಂಡಿ ಕಳಚಿದಾಗ ಮುಂದಿನ ಎಲ್ಲವೂ ಜಾರುತ್ತವೆ.

ನಿಮ್ಮ ವಿಷಯ ನೆಟ್‌ವರ್ಕ್ ಭದ್ರತೆಯೋ ಕಂಪೈಲರ್ ರಚನೆಯೋ ಆಗಿದ್ದರೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ವಾಕ್ಯವನ್ನು ಮಾರ್ಗದರ್ಶಕರಿಗೂ ಬೇರೆ ವಿಭಾಗದ ಒಬ್ಬ ಸ್ನೇಹಿತರಿಗೂ ತೋರಿಸಿ. ಇಬ್ಬರೂ ಅದನ್ನು ತಮ್ಮ ಮಾತಿನಲ್ಲಿ ಒಂದೇ ರೀತಿ ತಿರುಗಿಸಿ ಹೇಳುವವರೆಗೆ ತಿದ್ದುತ್ತಲೇ ಇರಿ. ಇದಕ್ಕೆ ಎರಡು ತಿಂಗಳು ಹಿಡಿದರೂ ನಷ್ಟವಿಲ್ಲ.

ಸಲಹಾ ಸಮಿತಿಯನ್ನು ಬಳಸಿಕೊಳ್ಳುವುದು

ಪ್ರತಿ ಸೆಮಿಸ್ಟರಿಗೆ ಒಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿಯನ್ನು ಮಂಡಿಸುವುದು ನಿಯಮ. ಅದನ್ನು ಸಹಿ ಹಾಕಿಸಿಕೊಳ್ಳುವ ಶಾಸ್ತ್ರವೆಂದು ಭಾವಿಸುವವರೇ ಹೆಚ್ಚು. ಸಭೆಗೆ ಹತ್ತು ದಿನ ಮುಂಚೆ ಎರಡು ಪುಟದ ಟಿಪ್ಪಣಿ ಕಳುಹಿಸಿ, ಕಳೆದ ಸಲ ಏನು ಹೇಳಿದ್ದಿರಿ, ಏನಾಯಿತು, ಈಗ ಯಾವ ಎರಡು ವಿಷಯಗಳಲ್ಲಿ ತೀರ್ಮಾನ ಬೇಕು ಎಂದು ಬರೆಯಿರಿ. ಸಭೆ ಮುಗಿದ ಸಂಜೆಯೇ, ‘ಸರ್, ಇಂದಿನ ಚರ್ಚೆಯಲ್ಲಿ ನಾನು ತಿಳಿದುಕೊಂಡದ್ದು ಇಷ್ಟು, ತಪ್ಪಿದ್ದರೆ ದಯವಿಟ್ಟು ತಿದ್ದಿ’ ಎಂದು ಒಂದು ಇಮೇಲ್ ಹಾಕಿಬಿಡಿ. ಸಮಿತಿಯ ಸದಸ್ಯರು ಬದಲಾದಾಗ, ವಿಷಯದ ವ್ಯಾಪ್ತಿಯ ಬಗ್ಗೆ ಹೊಸಬರು ಹೊಸದಾಗಿ ಆಕ್ಷೇಪ ಎತ್ತಿದಾಗ, ಆ ಇಮೇಲ್‌ಗಳ ಸಾಲು ನಿಮ್ಮನ್ನು ಕಾಯುತ್ತದೆ.

ದತ್ತಾಂಶ: ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಹಂತ

ಯೋಜನೆ ಬರೆಯುವಾಗ ದತ್ತಾಂಶ ಸಂಗ್ರಹಕ್ಕೆ ನೀವು ಅಂದಾಜಿಸಿದ ಸಮಯವನ್ನು ಎರಡರಷ್ಟು ಮಾಡಿ. ಕನ್ನಡದ ಪಠ್ಯದೊಂದಿಗೆ ಕೆಲಸ ಮಾಡುವವರಿಗೆ ಇದರ ಕಾರಣ ಬೇಗ ತಿಳಿಯುತ್ತದೆ. ಹಳೆಯ ಕಡತಗಳು ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಫಾಂಟುಗಳ ಸಂಕೇತದಲ್ಲಿರುತ್ತವೆ. ಅವನ್ನು ಪರಿವರ್ತಿಸಿದಾಗ ಅರ್ಕಾವತ್ತು ಜಾಗ ತಪ್ಪಿ ಕೂರುವುದುಂಟು. ‘ೋ’ ಎಂಬ ಸ್ವರಚಿಹ್ನೆ ಒಂದೇ ಸಂಕೇತವಾಗಿಯೂ ಬರಬಹುದು, ಬಿಡಿಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ.

ನನ್ನದೇ ಕೆಲಸದ ಎರಡನೆಯ ವರ್ಷದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಸುದ್ದಿ ಬರಹಗಳ ಸಂಗ್ರಹವೊಂದನ್ನು ತರಬೇತಿಗೆ, ಪರೀಕ್ಷೆಗೆ ಎಂದು ಎರಡು ಭಾಗ ಮಾಡಿದ್ದೆ. ಮರುಕಳಿಸಿದ ಬರಹಗಳನ್ನು ತೆಗೆದುಹಾಕುವ ಪ್ರೋಗ್ರಾಂ ಕೂಡ ಓಡಿಸಿದ್ದೆ. ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿ ಬಂತು. ವಾರಗಳ ನಂತರ ಪರೀಕ್ಷಾ ಭಾಗದ ಕೆಲವು ಸಾಲುಗಳನ್ನು ಕಣ್ಣಾರೆ ಓದುತ್ತಿದ್ದಾಗ ಅವನ್ನು ತರಬೇತಿ ಭಾಗದಲ್ಲೂ ಓದಿದ ನೆನಪಾಯಿತು. ಹೋಲಿಸಿ ನೋಡಿದರೆ ಒಂದರಲ್ಲಿ ‘ಬಸ್’ ಎಂಬ ಪದದ ಕೊನೆಗೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತವೊಂದಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಹೀಗಾಗಿ ಒಂದೇ ಬರಹದ ಎರಡು ಪ್ರತಿಗಳು ಪ್ರೋಗ್ರಾಮಿನ ಕಣ್ಣು ತಪ್ಪಿಸಿ ಎರಡೂ ಕಡೆ ಸೇರಿಕೊಂಡಿದ್ದವು, ಮಾದರಿ ಮೊದಲೇ ಕಂಡಿದ್ದ ಸಾಲುಗಳ ಮೇಲೆಯೇ ಪರೀಕ್ಷೆ ನಡೆದಿತ್ತು. ಯೂನಿಕೋಡ್‌ನ ಸಾಮಾನ್ಯೀಕರಣ ‘ೋ’ದ ತೊಡಕನ್ನು ಸರಿಪಡಿಸುತ್ತದೆ, ಆದರೆ ಈ ಸಂಕೇತವನ್ನು ತೆಗೆಯುವುದಿಲ್ಲ, ಅದಕ್ಕೆ ಬೇರೆಯೇ ಸಾಲು ಬರೆಯಬೇಕು. ಎಲ್ಲ ಪ್ರಯೋಗಗಳನ್ನೂ ಮತ್ತೆ ನಡೆಸಿದೆ, ಅಂಕಿಗಳು ಇಳಿದವು. ಪ್ರಬಂಧ ಕಳುಹಿಸುವ ಮುನ್ನವೇ ಇದು ಕಂಡಿತಲ್ಲ ಎಂಬ ನೆಮ್ಮದಿ ಇಂದಿಗೂ ಇದೆ. ಅಂದಿನಿಂದ ಪರೀಕ್ಷಾ ಭಾಗದ ನೂರು ಸಾಲುಗಳನ್ನು ಕುಳಿತು ಓದದೆ ನಾನು ಯಾವ ಫಲಿತಾಂಶವನ್ನೂ ನಂಬಿಲ್ಲ.

ಪರವಾನಗಿಯನ್ನೂ ಮೊದಲೇ ನೋಡಿಕೊಳ್ಳಿ. ವಿಕಿಪೀಡಿಯದ ಪಠ್ಯ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿರುವುದರಿಂದ ಮೂಲವನ್ನು ನಮೂದಿಸಿ, ಅದೇ ಷರತ್ತಿನಲ್ಲಿ ಮರಳಿ ಹಂಚಬಹುದು. ಪತ್ರಿಕೆಯ ತಾಣದಿಂದ ಇಳಿಸಿಕೊಂಡ ಪಠ್ಯಕ್ಕೆ ಆ ಅನುಮತಿ ತಾನಾಗಿ ಬರುವುದಿಲ್ಲ. ಜನರಿಂದ ಧ್ವನಿ ಅಥವಾ ಬರಹ ಸಂಗ್ರಹಿಸುವುದಾದರೆ ನೈತಿಕ ಸಮಿತಿಯ ಒಪ್ಪಿಗೆಗೆ ಅರ್ಜಿ ಹಾಕುವುದು ಮೊದಲ ಕೆಲಸ, ಏಕೆಂದರೆ ಆ ಕಡತ ಎಷ್ಟು ದಿನ ಮೇಜಿನ ಮೇಲಿರುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ.

ಯಂತ್ರದ ಗಂಟೆಗಳಿಗೂ ಬಜೆಟ್ ಬೇಕು

ನಾಲ್ಕು ಮಾದರಿಗಳು, ಮೂರು ದತ್ತಾಂಶಗಳು, ಪ್ರತಿಯೊಂದಕ್ಕೂ ಯಾದೃಚ್ಛಿಕ ಆಯ್ಕೆಗಳನ್ನು ನಿರ್ಧರಿಸುವ ಐದು ಬೇರೆ ಬೇರೆ ಆರಂಭಸಂಖ್ಯೆಗಳು, ಅಂದರೆ ಸೀಡ್‌ಗಳು ಎಂದರೆ 60 ಓಟಗಳು. ಒಂದು ಓಟಕ್ಕೆ ಆರು ಗಂಟೆಯಾದರೆ 360 ಗಂಟೆ, ಅಂದರೆ ಒಂದು ಜಿಪಿಯು (ಇಂತಹ ಲೆಕ್ಕಗಳನ್ನು ವೇಗವಾಗಿ ಮಾಡುವ ಚಿಪ್) ಹಗಲಿರುಳು ನಡೆದರೆ 15 ದಿನ. ವಾರಕ್ಕೆ 30 ಗಂಟೆ ಮಾತ್ರ ಸಿಗುವ ಉಚಿತ ಸೇವೆಯಲ್ಲಾದರೆ 12 ವಾರ. ಇದು ಏನೂ ತಪ್ಪಾಗದಿದ್ದರೆ ಮಾತ್ರ; ಒಂದು ಸಲ ತಪ್ಪಿ ಮತ್ತೆ ನಡೆಸಿದರೆ ಒಂದು ಸೆಮಿಸ್ಟರ್ ಹೋಯಿತು. ಈ ಗುಣಾಕಾರವನ್ನು ಪ್ರಯೋಗಕ್ಕೆ ಮೊದಲೇ ಮಾಡಿ, ಬೇಕಿದ್ದರೆ ಮಾದರಿಗಳ ಸಂಖ್ಯೆಯನ್ನು ಇಳಿಸಿ. ಸೀಡ್‌ಗಳನ್ನು ಇಳಿಸಬೇಡಿ. ಒಂದೇ ಸೀಡ್‌ನ ಫಲಿತಾಂಶದಿಂದ ಸರಾಸರಿಯೂ ಸಿಗುವುದಿಲ್ಲ, ಏರಿಳಿತವೂ ತಿಳಿಯುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ, 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗದಂತಹ ಸೂಪರ್‌ಕಂಪ್ಯೂಟರುಗಳು ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಅಭಿಯಾನದಡಿ ಸ್ಥಾಪನೆಯಾಗಿವೆ. ಇಂತಹ ಸೌಲಭ್ಯವನ್ನು ಬಳಸುವ ಆಲೋಚನೆಯಿದ್ದರೆ ಅರ್ಜಿಯನ್ನು ಅಗತ್ಯ ಬೀಳುವ ತಿಂಗಳುಗಳ ಮುಂಚೆಯೇ ಹಾಕಿ. ದೀರ್ಘ ಓಟಗಳಲ್ಲಿ ಗಂಟೆಗೊಮ್ಮೆಯಾದರೂ ಅಲ್ಲಿಯವರೆಗಿನ ಸ್ಥಿತಿಯ ಚೆಕ್‌ಪಾಯಿಂಟ್ ಉಳಿಸುವ ಏರ್ಪಾಡಿರಲಿ. ವಿದ್ಯುತ್ ಹೋಗುವ ಪ್ರಯೋಗಾಲಯಗಳಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಓಟದ ದಿನಾಂಕ, ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಗಿಟ್‌ನ ಕಮಿಟ್ ಸಂಖ್ಯೆ, ಸೀಡ್, ಫಲಿತಾಂಶ ಇವಿಷ್ಟು ಒಂದು ಕೋಷ್ಟಕದಲ್ಲಿ ಸೇರಲಿ.

ಪ್ರಕಟಣೆ

ಬೇರೆ ವಿಜ್ಞಾನಗಳಂತಲ್ಲದೆ ನಮ್ಮ ಕ್ಷೇತ್ರದಲ್ಲಿ ಸಮ್ಮೇಳನದ ಪ್ರಬಂಧಗಳಿಗೆ ಹೆಚ್ಚಿನ ಬೆಲೆಯಿದೆ. ಇದನ್ನು ವಿಶ್ವವಿದ್ಯಾಲಯದ ಕಚೇರಿ ಒಪ್ಪುತ್ತದೆಯೇ ಎಂದು ಮೊದಲೇ ಲಿಖಿತವಾಗಿ ತಿಳಿದುಕೊಳ್ಳಿ. ಯುಜಿಸಿಯ 2022ರ ನಿಯಮಾವಳಿ ಪ್ರಕಟಣೆಯನ್ನು ಕಡ್ಡಾಯ ಮಾಡಿಲ್ಲ, ಆದರೆ ಅನೇಕ ವಿಶ್ವವಿದ್ಯಾಲಯಗಳು ತಮ್ಮದೇ ನಿಯಮದಲ್ಲಿ ಅದನ್ನು ಉಳಿಸಿಕೊಂಡಿವೆ, ಕೆಲವು ಕಡೆ ನಿಯತಕಾಲಿಕೆಯ ಪ್ರಬಂಧವೇ ಬೇಕು. ಯುಜಿಸಿ ಒಪ್ಪಿತ ನಿಯತಕಾಲಿಕೆಗಳ ತನ್ನ ಕೇರ್ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿದ ಮೇಲೆ ಒಳ್ಳೆಯ ನಿಯತಕಾಲಿಕೆ ಯಾವುದೆಂದು ತೀರ್ಮಾನಿಸುವ ಹೊಣೆ ಸಂಸ್ಥೆಗಳ ಮೇಲೆ, ಮಾರ್ಗದರ್ಶಕರ ಮೇಲೆ, ನಿಮ್ಮ ಮೇಲೆ ಬಿದ್ದಿದೆ. ಹಣ ಕಟ್ಟಿದರೆ ಒಂದು ವಾರದಲ್ಲಿ ಪ್ರಕಟಿಸುತ್ತೇವೆ ಎಂಬ ಇಮೇಲ್‌ಗೆ ಉತ್ತರಿಸಬೇಡಿ. ಅಲ್ಲಿ ಹೋದ ಫಲಿತಾಂಶವನ್ನು ಇನ್ನೊಂದು ಒಳ್ಳೆಯ ಕಡೆ ಮತ್ತೆ ಕಳುಹಿಸಲು ಆಗುವುದಿಲ್ಲ.

ತಿರಸ್ಕಾರವನ್ನು ಯೋಜನೆಯೊಳಗೇ ಬರೆದುಕೊಳ್ಳಿ. ಒಂದು ಪ್ರಬಂಧ ಮೊದಲ ಸಮ್ಮೇಳನದಲ್ಲಿ ತಿರಸ್ಕೃತವಾಗಿ, ವಿಮರ್ಶೆಗಳಿಗೆ ತಕ್ಕಂತೆ ತಿದ್ದುಪಡಿಯಾಗಿ, ಎರಡನೆಯದರಲ್ಲಿ ಸ್ವೀಕೃತವಾಗಲು ಎಂಟು ಹತ್ತು ತಿಂಗಳು ಹಿಡಿಯುವುದು ಸಾಮಾನ್ಯ. ಗಡುವಿನ ಬಗ್ಗೆ ಒಂದು ಸಣ್ಣ ವಿವರವೂ ಬೇಕಾಗುತ್ತದೆ: ‘ಎಒಇ’ ಎಂದು ಬರೆದಿದ್ದರೆ ಭೂಮಿಯ ಮೇಲೆ ಎಲ್ಲಾದರೂ ಆ ದಿನ ಇನ್ನೂ ಉಳಿದಿರುವವರೆಗೆ ಅವಕಾಶವಿದೆ ಎಂದರ್ಥ, ರಾತ್ರಿ 11.59ರ ಗಡುವು ಭಾರತೀಯ ಕಾಲಮಾನದಲ್ಲಿ ಮರುದಿನ ಸಂಜೆ 5.29ಕ್ಕೆ ಮುಗಿಯುತ್ತದೆ.

ಬರವಣಿಗೆ

ಕೊನೆಯ ಆರು ತಿಂಗಳಲ್ಲಿ ಬರೆಯುವುದನ್ನು ಆರಂಭಿಸಿದರೆ ಮುಗಿಸಲಾಗದು. ಆ ಆರು ತಿಂಗಳು ಈಗಾಗಲೇ ಬರೆದದ್ದನ್ನು ಹೊಂದಿಸುವುದಕ್ಕೆ. ಪ್ರತಿ ಪ್ರಯೋಗ ಮುಗಿದ ವಾರವೇ ಅದರ ವಿಧಾನ ಮತ್ತು ಫಲಿತಾಂಶದ ಭಾಗವನ್ನು ಅಕ್ಷರಜೋಡಣೆಯ ತಂತ್ರಾಂಶ ಲಾಟೆಕ್‌ನಲ್ಲಿ ಬರೆದು ಗಿಟ್‌ಗೆ ಸೇರಿಸಿ. ವಿಶ್ವವಿದ್ಯಾಲಯ ಕೇಳುವ ಅಂಚು, ಅಕ್ಷರಗಾತ್ರ, ಸಾಲಂತರಗಳ ಟೆಂಪ್ಲೇಟನ್ನು ಎರಡನೆಯ ವರ್ಷದಲ್ಲೇ ಸಿದ್ಧಪಡಿಸಿಕೊಂಡರೆ ಕೊನೆಯ ವಾರದ ಪರದಾಟ ತಪ್ಪುತ್ತದೆ. ಸಾಹಿತ್ಯ ಸಮೀಕ್ಷೆಯ ಅಧ್ಯಾಯವನ್ನು ‘ಇಂಥವರು ಇಂಥದ್ದು ಮಾಡಿದರು’ ಎಂಬ ಸಾಲುಗಳ ಪಟ್ಟಿಯಾಗಿಸದೆ, ನಿಮ್ಮ ಪ್ರಶ್ನೆ ಏಕೆ ಉಳಿದುಕೊಂಡಿತು ಎಂಬುದನ್ನು ತೋರಿಸುವ ವಾದವಾಗಿ ಕಟ್ಟಿ. ಪೀಠಿಕೆಯನ್ನು ಕೊನೆಯಲ್ಲಿ ಬರೆಯಿರಿ.

ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇ 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಪರಿಷ್ಕೃತ ಪ್ರತಿ ಸಲ್ಲಿಸುವಂತಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ನಿಮ್ಮದೇ ಪ್ರಕಟಿತ ಪ್ರಬಂಧಗಳ ಭಾಗ ಯಾವ ಅಧ್ಯಾಯದಲ್ಲಿ ಬಂದಿದೆ ಎಂಬುದನ್ನು ಆ ಅಧ್ಯಾಯದ ಆರಂಭದಲ್ಲೇ ನಮೂದಿಸಿ. ಹೋಲಿಕೆಯ ವರದಿಯನ್ನು ಸಲ್ಲಿಕೆಯ ಹಿಂದಿನ ದಿನಕ್ಕೆ ಬಿಡದೆ ಒಂದು ತಿಂಗಳು ಮುಂಚೆ ತೆಗೆಸಿ.

ಸಲ್ಲಿಕೆ, ಪರೀಕ್ಷಕರು, ಮೌಖಿಕ ಪರೀಕ್ಷೆ

ಸಲ್ಲಿಸುವ ಮುನ್ನ ಸಲಹಾ ಸಮಿತಿಯ ಎದುರು, ವಿಭಾಗದ ಅಧ್ಯಾಪಕರಿಗೂ ಸಂಶೋಧನಾರ್ಥಿಗಳಿಗೂ ತೆರೆದಿರುವ ಮಂಡನೆ ಇರುತ್ತದೆ. ಅಲ್ಲಿ ಬಂದ ಪ್ರತಿ ಪ್ರಶ್ನೆಯನ್ನೂ ಸ್ನೇಹಿತರೊಬ್ಬರಿಂದ ಬರೆಸಿಕೊಳ್ಳಿ, ಮಂಡಿಸುವವರಿಗೆ ಆ ಹೊತ್ತಿನಲ್ಲಿ ಎಲ್ಲವೂ ನೆನಪಿನಲ್ಲಿ ಉಳಿಯುವುದಿಲ್ಲ. ನಂತರ ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಪ್ರಬಂಧವನ್ನು ಓದುತ್ತಾರೆ. ಅವರಲ್ಲಿ ಒಬ್ಬರು ತಿರಸ್ಕರಿಸಿದರೆ ಪಟ್ಟಿಯಲ್ಲಿರುವ ಇನ್ನೊಬ್ಬ ಪರೀಕ್ಷಕರಿಗೆ ಅದು ಹೋಗುತ್ತದೆ, ಅವರು ಒಪ್ಪಿದರಷ್ಟೇ ಮೌಖಿಕ ಪರೀಕ್ಷೆ.

ಮೌಖಿಕ ಪರೀಕ್ಷೆಗೆ ಸಿದ್ಧರಾಗುವಾಗ ಪರೀಕ್ಷಕರ ವರದಿಯ ಪ್ರತಿ ಅಂಶಕ್ಕೂ ಪುಟಸಂಖ್ಯೆಯೊಂದಿಗೆ ಉತ್ತರ ಬರೆದುಕೊಳ್ಳಿ. ನಿಮ್ಮ ವಿಧಾನ ಎಲ್ಲಿ ಸೋಲುತ್ತದೆ ಎಂಬುದಕ್ಕೆ ಎರಡು ನೈಜ ಉದಾಹರಣೆಗಳನ್ನು ಸ್ಲೈಡಿನಲ್ಲಿ ಇಟ್ಟುಕೊಳ್ಳಿ. ‘ಈ ಪದವನ್ನು ನಿಮ್ಮ ಸಾಧನ ಹೇಗೆ ಬಿಡಿಸುತ್ತದೆ?’ ಎಂದು ಪರೀಕ್ಷಕರು ಅಲ್ಲಿಯೇ ಒಂದು ಪದ ಕೊಡಬಹುದಾದ್ದರಿಂದ ಸಾಧನವನ್ನು ಇಂಟರ್ನೆಟ್ ಇಲ್ಲದೆಯೂ ನಡೆಯುವಂತೆ ಲ್ಯಾಪ್‌ಟಾಪ್‌ನಲ್ಲಿ ಸಿದ್ಧವಾಗಿಡಿ.

ತಿದ್ದುಪಡಿಗಳು ಮುಗಿದ ಮೇಲೆ ಪ್ರಬಂಧದ ವಿದ್ಯುನ್ಮಾನ ಪ್ರತಿ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಭಂಡಾರಕ್ಕೆ ಸೇರುತ್ತದೆ. ಅದೇ ವಾರ ಕೋಡ್, ಹಂಚಬಹುದಾದ ದತ್ತಾಂಶ ಮತ್ತು ಹೇಗೆ ನಡೆಸಬೇಕೆಂಬ ಒಂದು ಪುಟದ ಟಿಪ್ಪಣಿಯನ್ನು ಝೆನೋಡೊದಂತಹ ಶಾಶ್ವತ ಭಂಡಾರದಲ್ಲಿ ಇರಿಸಿ, ಸಿಕ್ಕ ಡಿಒಐ (ಶಾಶ್ವತ ಗುರುತು) ಸಂಖ್ಯೆಯನ್ನು ಪ್ರಬಂಧದ ಅಂತಿಮ ಪ್ರತಿಯಲ್ಲಿ ನಮೂದಿಸಿ. ಹೀಗೆ ಇರಿಸುವ ಮುನ್ನ ಕೋಡನ್ನು ಹಿಂದೆಂದೂ ನೋಡಿರದ ಕಿರಿಯ ಸಂಶೋಧನಾರ್ಥಿಯೊಬ್ಬರಿಗೆ ಆ ಟಿಪ್ಪಣಿಯನ್ನು ಕೊಟ್ಟು, ನೀವು ಪಕ್ಕದಲ್ಲಿ ಇಲ್ಲದಾಗ ಮೊದಲ ಪ್ರಯೋಗವನ್ನು ನಡೆಸಿನೋಡಲು ಹೇಳಿ. ಅವರು ತಡವರಿಸಿದ ಪ್ರತಿ ಜಾಗದಲ್ಲೂ ಟಿಪ್ಪಣಿಗೆ ಒಂದು ಸಾಲು ಸೇರಿಸಿ.